ಕುಂತಿದ್ದ ಕಲ್ಲಿನ ಹೆಣ್ಣು

ತಿರುಗಾಡಲು ಹೊರಗೆ ಹೋಗುವ ದಿನ ನನ್ನ ಅಕ್ಕ ಮುಂಜಾನೆಯಿಂದ ನೀರು ಕುಡಿಯುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಇನ್ನೊಬ್ಬಳ ಬಾಯಿಂದ.

ಇಪ್ಪತ್ತು ವರ್ಷ ಅಕ್ಕನನ್ನು ಕಾರಿನಲ್ಲಿ ಕೂಡಿಸಿಕೊಂಡು ತಿರುಗಿದವಳು ನಾನು. ಅವಳ ಸೀರೆಯ ಅಂಚು ಬಾಗಿಲಿಗೆ ಸಿಗದಂತೆ ಒಳಗೆ ಸರಿಸುವವಳು ನಾನು. ಏಳುವಾಗ ಯಾವ ಮೊಣಕೈ ಮೊದಲು ಊರುತ್ತಾಳೆ, ನೋವಾದಾಗ ಯಾವ ಹುಬ್ಬು ಏರಿಸುತ್ತಾಳೆ, ಚಹಾದ ಮೇಲಿನ ಕೆನೆಯನ್ನು ಯಾವ ಬೆರಳಿನಿಂದ ತೆಗೆಯುತ್ತಾಳೆ, ಎಲ್ಲ ನನಗೆ ಗೊತ್ತು ಅಂದುಕೊಂಡಿದ್ದೆ. ನಾನೇ ತುಂಬಿಸಿಕೊಟ್ಟ ನೀರಿನ ಬಾಟಲಿ ಸಂಜೆ ಹಾಗೇ ತುಂಬಿಕೊಂಡು ವಾಪಸು ಬರುತ್ತಿದ್ದದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ, ಇವಳಿಗೆ ನೀರಡಿಕೆ ಕಡಿಮೆ ಎಂದುಕೊಂಡಿದ್ದೆನೋ ಏನೋ.

ಹೇಳಿದವಳು ಅಫಜಲಪುರದಲ್ಲಿ ಅಕ್ಕನ ಕಚೇರಿಗೆ ಆ ವರ್ಷ ವರ್ಗವಾಗಿ ಬಂದ ಹೆಣ್ಣುಮಗಳು. ವಯಸ್ಸು ಮೂವತ್ತರ ಆಸುಪಾಸು. ಚಿಕ್ಕಂದಿನಲ್ಲೇ ಒಂದು ಕಾಲು ಸೊರಗಿದೆ. ಬಗಲಲ್ಲಿ ಒಂದು ಊರುಗೋಲು, ಓಡಾಡಲು ಹಿಂದೆ ಎರಡು ಹೆಚ್ಚಿನ ಗಾಲಿ ಜೋಡಿಸಿದ ಕೆಂಪು ಸ್ಕೂಟರು. ಅಕ್ಕ ಅವಳನ್ನು ಮೊದಲ ಸಲ ನಮ್ಮ ಕಾರಿನಲ್ಲಿ ಕರೆದುಕೊಂಡು ಬಂದ ದಿನ ನಾವು ಗೊಬ್ಬೂರಿನಲ್ಲಿ ಚಹಾಕ್ಕೆಂದು ನಿಂತೆವು. ನಾವು ಚಹಾ ಹೇಳುವಷ್ಟರಲ್ಲಿ ಆಕೆ ಊರುಗೋಲು ಟಕಟಕ ಅನ್ನಿಸುತ್ತ ಎಲ್ಲಿಗೋ ಹೋಗಿ ಬಂದಳು.

"ಅಕ್ಕಾರ, ಬಾಜೂಕ ಪೆಟ್ರೋಲ್ ಬಂಕಿನಾಗ ಪಾಯಖಾನಿ ಅದರಿ. ಬಾಗಲಾ ಅಗಲ ಅದ, ಹತ್ತಾಕ ಪಾವಟಿಗಿ ಇಲ್ಲ. ಅಳದು ನೋಡೇನಿ, ನಿಮ್ಮ ಗಾಲಿ ಖುರ್ಚಿ ಬರೋಬರಿ ಹೋಗ್ತದ. ಇನ್ನ ನೀರು ಕುಡೀರಿ."

ಅಕ್ಕ ಬಾಟಲಿ ಎತ್ತಿ ಗಟಗಟನೆ ಕುಡಿದಳು. ನಡುವೆ ಉಸಿರು ತೆಗೆದುಕೊಂಡು ಮತ್ತೆ ಕುಡಿದಳು. ಗಲ್ಲದಿಂದ ಇಳಿದ ನೀರು ಕುಪ್ಪಸದ ಕೊರಳನ್ನು ತೋಯಿಸಿತು.

"ಇಷ್ಟು ನೀರಡಿಸಿತ್ತೇನಕ್ಕಾ?" ಅಂದೆ.

"ಇವತ್ತಿಂದಲ್ಲ ಬೇ ಇದು. ಇಪ್ಪತ್ತ ವರ್ಷದ ನೀರಡಿಕಿ," ಎಂದು ನಕ್ಕಳು. ಆ ನಗು ನನ್ನ ಕಡೆ ತಿರುಗಿರಲಿಲ್ಲ. ಊರುಗೋಲಿನವಳ ಕಡೆ ತಿರುಗಿತ್ತು.

ಆಳಂದಕ್ಕೆ ಮರಳುವ ದಾರಿಯಲ್ಲಿ ನಾನು ಖಾಲಿಯಾದ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದೆ. ನಮ್ಮನೆಯವರು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವರು, ಯಾವುದರಲ್ಲಿ ಏನು ಬೆರೆತರೆ ಹೊಗೆ ಏಳುತ್ತದೆ ಎಂಬುದು ಅವರಿಗೆ ತಿಳಿಯುತ್ತದೆ. ಕಾರು ಮನೆಯ ಮುಂದೆ ನಿಲ್ಲಿಸಿ, "ಬಂದ್ಲು ನೋಡ ನಿನ್ನ ಸವತಿ," ಅಂದರು.

"ಸುಮ್ನಿರ್ರಿ," ಅಂದೆ. ಆದರೆ ಆ ಮಾತು ಒಳಗೆ ಹೋಗಿ ಕೂತಿತು.

ಇಷ್ಟು ಸಣ್ಣದಕ್ಕೆ ಇಷ್ಟೊಂದು ಯಾಕೆ ಉರಿಯಿತು ಅನ್ನುವುದಕ್ಕೆ ಹಿಂದಿನದನ್ನು ಹೇಳಬೇಕು.

ನಮ್ಮ ತವರು ಜೇವರ್ಗಿ. ಅಪ್ಪ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಅಕ್ಕನಿಗೆ ಎರಡು ವರ್ಷಕ್ಕೆ ಪೋಲಿಯೋ ಬಂತು, ಎರಡೂ ಕಾಲು ಹೋದವು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಇಬ್ಬರೂ ಹುಡುಗಿಯರು ಇಂಗ್ಲಿಷ್ ಕಲಿಯಲಿ ಎಂದು ಅಪ್ಪ ನಮ್ಮನ್ನು ಕಲಬುರಗಿಯ ಒಂದು ಕಾನ್ವೆಂಟಿಗೆ ಕರೆದುಕೊಂಡು ಹೋದ. ಒಂದೇ ತಾನಿನ ಬಟ್ಟೆಯಲ್ಲಿ ಹೊಲಿಸಿದ ಎರಡು ಫ್ರಾಕು, ಹಳದಿ ಹೂವಿನವು. ಅಕ್ಕನನ್ನು ಬಗಲಲ್ಲಿ ಎತ್ತಿಕೊಂಡು, ನನ್ನ ಕೈ ಹಿಡಿದುಕೊಂಡು ಅಪ್ಪ ಆ ವರಾಂಡದಲ್ಲಿ ನಿಂತಿದ್ದ. ಸಿಸ್ಟರು ಒಳ್ಳೆಯವರು. ಇಬ್ಬರ ಕೈಗೂ ಪೆಪ್ಪರಮಿಂಟು ಕೊಟ್ಟರು. ಮಕ್ಕಳು ಮಲಗುವ ಕೋಣೆ ಮಹಡಿಯ ಮೇಲೆ, ತರಗತಿಗಳು ಕೂಡ ಮಹಡಿಯ ಮೇಲೆ, ದೊಡ್ಡವಳಿಗೆ ಇಲ್ಲಿ ಕಷ್ಟವಾದೀತು ಎಂದು ಮೆಲ್ಲಗೆ ಹೇಳಿದರು. ಅಪ್ಪ ವಾದ ಮಾಡಲಿಲ್ಲ. ನನ್ನನ್ನು ಬಿಟ್ಟು ಅಕ್ಕನನ್ನು ಎತ್ತಿಕೊಂಡು ಹೊರಟ. ನಾನು ಕಿಟಕಿಯಿಂದ ನೋಡಿದೆ. ಅಪ್ಪನ ಹೆಗಲ ಮೇಲಿಂದ ಅಕ್ಕ ಹಿಂದಕ್ಕೆ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ನನಗೆ ನಾಲಗೆ ಚಾಚಿ ಅಣಕಿಸಿದಳು.

ಮೊದಲ ರಜೆಗೆ ನಾನು ಊರಿಗೆ ಬಂದಾಗ ಹತ್ತಿರ ಕರೆದು ತೊಡೆ ಚಿವುಟಿದಳು. ನೀಲಿಗಟ್ಟುವ ಹಾಗೆ. ಆಮೇಲೆ, "ಹಂ, ಹೇಳು," ಅಂದಳು.

"ಏನು ಹೇಳ್ಲಿ?"

"ಎಲ್ಲಾ. ಬಾಗಲದಿಂದ ಹೇಳು. ನಡುವ ಬಿಡಬ್ಯಾಡ."

ನಾನು ಹೇಳಿದೆ. ಗೇಟಿನ ಬಣ್ಣ, ಗಂಟೆಯ ಹಗ್ಗಕ್ಕೆ ಹಾಕಿದ ಗಂಟು, ಉದ್ದನೆಯ ಊಟದ ಮೇಜು, ಚಮಚದಲ್ಲಿ ಅನ್ನ ತಿನ್ನುವ ಫಜೀತಿ, ಸಿಸ್ಟರ ಬೂಟು ದೂರದಿಂದ ಬರುವಾಗ ಒಂದು ಸದ್ದು, ಹತ್ತಿರ ಬಂದು ನಿಂತಾಗ ಇನ್ನೊಂದು ಸದ್ದು. ಎಲ್ಲಿಯಾದರೂ ಜಿಗಿದರೆ ಅಕ್ಕನಿಗೆ ತಕ್ಷಣ ಗೊತ್ತಾಗುತ್ತಿತ್ತು. "ತಡಿ ತಡಿ. ಪ್ರಾರ್ಥನಾದಿಂದ ಊಟದ ಖೋಲಿಗೆ ಹೆಂಗ ಹೋದಿ? ಹಾರಿ ಹೋದೇನು?" ಅನ್ನುತ್ತಿದ್ದಳು. ಮುಂದಿನ ರಜೆಯೊಳಗೆ ಆ ನಡುವಿನ ವರಾಂಡವನ್ನು ನಾನು ಅವಳಿಗೋಸ್ಕರ ನೋಡಿಟ್ಟುಕೊಳ್ಳುತ್ತಿದ್ದೆ. ನನ್ನ ಕಣ್ಣು ಚುರುಕು ಎಂದು ಕಾನ್ವೆಂಟಿನಲ್ಲಿ ಹೊಗಳುತ್ತಿದ್ದರು. ಅದನ್ನು ಚುರುಕು ಮಾಡಿದವಳು ಜೇವರ್ಗಿಯ ಹೊಸ್ತಿಲ ಒಳಗೆ ಕೂತಿದ್ದಳು.

ಅಕ್ಕ ಊರಿನ ಕನ್ನಡ ಶಾಲೆಯಲ್ಲಿ ಓದಿ, ಪರೀಕ್ಷೆ ಬರೆದು, ಅಫಜಲಪುರದ ಕಚೇರಿಯಲ್ಲಿ ಗುಮಾಸ್ತೆಯಾದಳು. ನಾನು ಕಾನ್ವೆಂಟಿನ ಇಂಗ್ಲಿಷ್ ಕಟ್ಟಿಕೊಂಡು ಆಳಂದಕ್ಕೆ ಮದುವೆಯಾಗಿ ಬಂದು, ಜೋಳದ ರೊಟ್ಟಿ ಬಡಿಯುವುದನ್ನು ಅತ್ತೆಯಿಂದ ಕಲಿತೆ. ನಮ್ಮನೆಯವರು ಕಾರು ಕೊಂಡ ಮೇಲೆ ಎರಡನೆಯ ಶನಿವಾರ ಅಕ್ಕನನ್ನು ಕರೆದುಕೊಂಡು ಎಲ್ಲಿಗಾದರೂ ಹೋಗುವ ರೂಢಿಯಾಯಿತು. ಹಳೆಯ ಕೋಟೆ, ಗುಡಿ, ಬಾವಿ, ಹೊಳೆಯ ದಂಡೆ. ಎಲ್ಲಿ ಹೋದರೂ ಮೆಟ್ಟಿಲು. ಅಕ್ಕ ಕಾರಿನ ಬಾಗಿಲು ತೆರೆದು ಕೂತು ಹುರಿದ ಸೇಂಗಾ ಬಿಡಿಸುತ್ತಿದ್ದಳು. ನಾನು ಹೋಗುವುದು, ನೋಡುವುದು, ಬಂದು ಹೇಳುವುದು. ಸಿಪ್ಪೆ ಅವಳ ಮಡಿಲಲ್ಲಿ ಬೀಳುತ್ತಿದ್ದವು, ಕಣ್ಣು ನನ್ನ ಬಾಯಿಯ ಮೇಲಿರುತ್ತಿತ್ತು. ಗಂಡ, ಮಕ್ಕಳು, ಅತ್ತೆ, ಯಾರೂ ನನ್ನ ಮಾತನ್ನು ಹಾಗೆ ಕೇಳಿದವರಲ್ಲ.

ನಿಜ ಹೇಳುತ್ತೇನೆ. ಒಂದು ಜಾಗಕ್ಕೆ ಹೋಗಿ ಎತ್ತರದ ಮೆಟ್ಟಿಲು ಕಂಡರೆ ಬಾಯಲ್ಲಿ "ಅಯ್ಯ ಪಾಪ" ಅನ್ನುತ್ತಿದ್ದೆ, ಒಳಗೆ ಹಿಗ್ಗುತ್ತಿದ್ದೆ.

ಭೀಮಾ ನದಿಯ ದಂಡೆಯ ಮೇಲೆ ಒಂದು ಹಳೆಯ ಕಲ್ಲಿನ ಗುಡಿ ಇದೆ. ಅಲ್ಲಿಗೆ ನಾವು ಮೊದಲ ಸಲ ಹೋದದ್ದು ಕಡು ಬೇಸಿಗೆಯಲ್ಲಿ. ನಮ್ಮ ಕಡೆಯ ಬಿಸಿಲು, ಚಪ್ಪಲಿ ಬಿಟ್ಟರೆ ಪಾದ ಸುಡುತ್ತದೆ. ಒಂಬತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ತಲೆ ಸುತ್ತು ಬಂದಂತಾಯಿತು. ಒಳಗೆ ಕಾಲಿಡದೆ ಗೋಡೆಯ ಮಗ್ಗುಲಿಗೆ, ಕಾರಿನಿಂದ ಕಾಣದ ಕಡೆ, ನೆರಳಿನಲ್ಲಿ ಕೂತುಬಿಟ್ಟೆ. ತಂಪು ಕಲ್ಲಿಗೆ ಬೆನ್ನು ಕೊಟ್ಟು, ಕಾಲು ಒಂದು ಕಡೆ ಮಡಚಿಕೊಂಡು. ಎದುರಿನ ಗಿಡದಲ್ಲಿ ಒಂದು ಗಿಳಿ ಕೂತಿತ್ತು. ಕಾಲು ಗಂಟೆ ಕಳೆದು ಇಳಿದು ಬಂದೆ.

"ಹೇಳು," ಅಂದಳು ಅಕ್ಕ.

ನಾ ಒಳಗೆ ಹೋಗಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅವಳು ಸೇಂಗಾದ ಚೀಲ ಬಿಚ್ಚಿಕೊಂಡು ಕಾಯುತ್ತಿದ್ದಳು. ನಾನು ಬಾಗಿಲಿನಿಂದ ಶುರು ಮಾಡಿದೆ. ಹದಿನಾರು ಕಂಬ ಅಂದೆ. ಕೊನೆಯ ಕಂಬದ ಮೇಲೆ ಒಂದು ಹೆಣ್ಣಿದೆ, ಕಾಲು ಒಂದು ಕಡೆ ಮಡಚಿ ಕೂತಿದ್ದಾಳೆ, ಮುಂಗೈ ಮೇಲೆ ಗಿಳಿ ಅಂದೆ.

ಅಕ್ಕನ ಕೈ ಸೇಂಗಾದ ಮೇಲೆ ನಿಂತಿತು. "ಕುಂತಾಳೇನು?"

"ಹೂಂ."

"ಖರೇ? ಎಲ್ಲಾ ಗುಡಿಯಾಗ ನಿಂತಿರ್ತಾರ, ಕುಣೀತಿರ್ತಾರ ಅಂತ ನೀನ ಹೇಳ್ತಿ. ಇಕಿ ಕುಂತಾಳ?"

"ಕುಂತಾಳಕ್ಕಾ. ಆರಾಮ ಕುಂತಾಳ."

ಆಮೇಲೆ ನಾವು ಆ ಗುಡಿಗೇ ಮತ್ತೆ ಮತ್ತೆ ಹೋದೆವು. ಬೇರೆಲ್ಲಿಗಾದರೂ ಹೋಗೋಣವೇ ಅಂದರೆ, "ಕುಂತಾಕಿನ್ನ ನೋಡಿ ಬಾ, ಹೆಂಗದಾಳ," ಅನ್ನುತ್ತಿದ್ದಳು. ಎರಡನೆಯ ಸಲ ಹೋದಾಗ ನಾನು ಒಳಗೆ ಓಡಿಹೋಗಿ ಒಂದೊಂದೇ ಕಂಬ ಹುಡುಕಿದೆ. ಹದಿನಾರಲ್ಲ, ಹನ್ನೆರಡಿದ್ದವು. ಅಂಥ ಹೆಣ್ಣು ಎಲ್ಲಿಯೂ ಇರಲಿಲ್ಲ. ಹೊರಗೆ ಬಂದು, "ಅದಾಳಕ್ಕಾ, ಗಿಳಿ ಮೂಗು ಜರಾ ಮುಕ್ಕಾಗ್ಯಾದ," ಅಂದೆ. ಅಕ್ಕ ಚುಚು ಅಂದಳು. ಕಚೇರಿಯಲ್ಲಿ ದಿನವಿಡೀ ಕೂತು ಬೆನ್ನು ಬಿದ್ದುಹೋದ ದಿನ ಫೋನಿನಲ್ಲಿ ಹೇಳುತ್ತಿದ್ದಳು: "ಆಕಿ ಎಷ್ಟ್ ನೂರು ವರ್ಷದಿಂದ ಕುಂತಿರಬೇಕು ಬೇ. ಆಕಿ ಬೆನ್ನ ನೋಯಂಗಿಲ್ಲೇನು?"

ಇಷ್ಟರ ನಡುವೆ ಸ್ಕೂಟರಿನವಳು ಬಂದದ್ದು.

ಅವಳ ಹತ್ತಿರ ಒಂದು ಉದ್ದನೆಯ ನೋಟುಬುಕ್ಕು. ಆಳಂದ, ಅಫಜಲಪುರ, ಜೇವರ್ಗಿ, ಮೂರು ತಾಲ್ಲೂಕಿನಲ್ಲಿ ನೋಡುವಂಥ ಜಾಗಗಳನ್ನೆಲ್ಲ ಅದರಲ್ಲಿ ಬರೆಯುತ್ತಾಳೆ. ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಮೆಟ್ಟಿಲು ಎಷ್ಟು, ಒಂದೊಂದರ ಎತ್ತರ ಎಷ್ಟು, ಬಾಗಿಲು ಎಷ್ಟು ಅಗಲ, ಪಾಯಖಾನೆ ಇದೆಯೇ, ಕೂಡಲು ನೆರಳಿದೆಯೇ. ಇಳಿಜಾರು ಹಾಕಿಸಿರೆಂದು ಪಂಚಾಯಿತಿಗಳಿಗೆ ಅರ್ಜಿ ಕೊಡುತ್ತಾಳೆ. ಅಳತೆಗಳನ್ನೆಲ್ಲ ತನ್ನಂಥವರ ಒಂದು ಗುಂಪಿಗೆ ಮೊಬೈಲಿನಲ್ಲಿ ಕಳಿಸುತ್ತಾಳೆ.

"ಮನಿ ಬಿಡೂಕಿಂತ ಮೊದಲ ಗೊತ್ತಾಗಬೇಕ್ರಿ," ಎಂದು ನನಗೆ ಒಂದು ಸಲ ಹೇಳಿದಳು. "ಹೊಸಾ ಅರಬಿ ಹಾಕ್ಕೊಂಡು, ಬುತ್ತಿ ಕಟಗೊಂಡು ಹೋಗಿ, ಬಾಗಲಾ ನೋಡಿ ವಾಪಸ್ ಬರೂದು ಅದಲ್ರಿ, ಅದು ಭಾಳ ಕೆಟ್ಟ."

"ನನ್ನ ಕೇಳಿದ್ರ ನಾ ಹೇಳ್ತಿದ್ದೆ. ಎಲ್ಲಾ ಕಡೆ ಹೋಗೇನಿ," ಅಂದೆ.

"ತಪ್ಪು ತಿಳೀಬ್ಯಾಡ್ರಿ. ನಡಿಯೋ ಮಂದಿ ಮಾತ ನಾ ಬರಕೊಳ್ಳಂಗಿಲ್ಲ. ಸಪಾಟ ಅದ, ಒಂದ ಪಾವಟಿಗಿ ಅದ ಅಂತಾರ. ಹೋಗಿ ನೋಡಿದ್ರ ಆರು ಇರ್ತಾವ. ಅವರ ಕಾಲಿಗೆ ಅದು ನೆನಪ ಇರೂದಿಲ್ಲ."

ಗೇಟಿನ ಬಣ್ಣ ನೆನಪಿಟ್ಟವಳಿಗೆ, ಬೂಟಿನ ಸದ್ದು ನೆನಪಿಟ್ಟವಳಿಗೆ ಹೀಗೆ ಹೇಳಿದಳು. ನಾನು ನಕ್ಕು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ. ತೊಳೆಯುವಾಗ ಒಂದರ ಹಿಡಿಕೆ ಮುರಿಯಿತು.

ಅಕ್ಕ ಬದಲಾದಳು. ಫೋನು ಹಚ್ಚಿದರೆ ಲೈನು ಬಿಡುವಿರುತ್ತಿರಲಿಲ್ಲ. "ನಾನು" ಅನ್ನುವಲ್ಲಿ "ನಾವು" ಅನ್ನತೊಡಗಿದಳು, ಆ ನಾವಿನಲ್ಲಿ ನಾನಿರಲಿಲ್ಲ. ಒಂದು ದಿನ ಮಾತಿನ ನಡುವೆ, "ಮೊನ್ನಿ ಹಿರೋಳ್ಳಿ ಕಡೆ ಹೋಗಿದ್ವಿ, ಬಾಡಿಗಿ ವ್ಯಾನ್ ಮಾಡಿಕೊಂಡು," ಅಂದಳು.

ಹಿರೋಳ್ಳಿ ನಮ್ಮ ಆಳಂದ ತಾಲ್ಲೂಕಿನದು. ಅಫಜಲಪುರದಿಂದ ಬಂದವರು ನಮ್ಮ ಊರು ದಾಟಿಕೊಂಡು ಹೋಗಬೇಕು.

"ನಮ್ಮ ಮನಿ ಮುಂದನ ಹೋದ್ರೇನು?"

"ಜಲ್ದಿ ಇತ್ತು ಬೇ. ಬಿಸಲ ಏರೂದ್ರಾಗ ಮುಟ್ಟಬೇಕಾಗಿತ್ತು."

ಆ ದಿನ ನಮ್ಮಲ್ಲಿ ಸೇಂಗಾದ ಹೋಳಿಗೆ ಮಾಡಿದ್ದೆ. ಅಕ್ಕನಿಗೆಂದು ನಾಲ್ಕು ಡಬ್ಬಿಯಲ್ಲಿ ತೆಗೆದಿಟ್ಟಿದ್ದೆ. ಅದನ್ನು ಹೇಳಲಿಲ್ಲ. "ಏನೇನ್ ನೋಡಿದ್ರಿ, ಹೇಳು," ಅಂದೆ.

"ಒಂದು ಹಳೇ ಬಾವಿ. ಮ್ಯಾಲಿಂದ ಕಾಣಸ್ತದ. ಚಲೊ ಅದ."

ಅಷ್ಟೇ. ಮೂರು ಮಾತು. ನಾನಾಗಿದ್ದರೆ ಆ ಬಾವಿಯ ಒಂದೊಂದು ಕಲ್ಲನ್ನೂ ಹೇಳುತ್ತಿದ್ದೆ, ನೀರಿನ ಮೇಲೆ ತೇಲುವ ಎಲೆ ಹೇಳುತ್ತಿದ್ದೆ, ಪಾರಿವಾಳದ ಗೂಡು ಹೇಳುತ್ತಿದ್ದೆ. ಸ್ವಂತ ಕಣ್ಣಿನಿಂದ ನೋಡಿದವಳಿಗೆ ಹೇಳುವ ದರಕಾರೇ ಇರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಸ್ಕೂಟರಿನವಳೇ ನನಗೆ ಫೋನು ಮಾಡಿದಳು. ಹೊಳೆದಂಡೆಯ ಗುಡಿಯ ಹಿಂದಿನ ಬಾಗಿಲಿಗೆ ಇಳಿಜಾರು ಹಾಕಿದ್ದಾರಂತೆ, ಅವಳು ಕೊಟ್ಟ ಅರ್ಜಿಯ ಮೇಲೆ.

"ಅಕ್ಕಾರಿಗೆ ಇನ್ನ ಹೇಳಿಲ್ರಿ. ಆ ಗುಡಿ ಅಂದ್ರ ಜೀವಾ ಬಿಡ್ತಾರ ಅವರು. ಒಳಗಿಂದು ನನಗ ಗೊತ್ತಿಲ್ಲ. ಹಿಂದಿನ ಬಾಗಲದಿಂದ ಕಂಬದ ತನಕ ನಡುವ ಏನರ ಅಡ್ಡ ಅದಯೇನ್ರಿ? ನೀವು ಭಾಳ ಸಲ ನೋಡೀರಿ."

ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ನನ್ನ ಕಣ್ಣ ಮುಂದೆ ಹನ್ನೆರಡು ಕಂಬ ಬಂದವು, ಅವುಗಳ ನಡುವೆ ಅಕ್ಕನ ಕುರ್ಚಿ ಬಂತು, ಅಕ್ಕ ಕತ್ತು ಎತ್ತಿ ಹುಡುಕುವುದು ಬಂತು.

"ಅಯ್ಯ, ಒಳಗ ಮೂರು ಪಾವಟಿಗಿ ಅದಾವ," ಅಂದೆ. "ಮೊಣಕಾಲ ಮಟ. ಖುರ್ಚಿ ಹೋಗಂಗಿಲ್ಲ ತಂಗೀ. ಸುಮ್ನ ಆಸೆ ಹಚ್ಚಬ್ಯಾಡ ಆಕಿಗೆ."

ಎಷ್ಟು ಮೆತ್ತಗೆ ಹೇಳಿದೆ! ಸಿಸ್ಟರು ಆ ವರಾಂಡದಲ್ಲಿ ಅಪ್ಪನಿಗೆ ಹೇಳಿದಷ್ಟೇ ಮೆತ್ತಗೆ. ಅವರು ಇದ್ದ ಮೆಟ್ಟಿಲು ಹೇಳಿದ್ದರು, ನಾನು ಇಲ್ಲದ್ದನ್ನು ಕಟ್ಟಿದೆ.

ಎರಡನೆಯ ಶನಿವಾರ ನಾವು ಅಫಜಲಪುರದ ಅಕ್ಕನ ಮನೆಗೆ ಹೋದಾಗ ಕೆಂಪು ಸ್ಕೂಟರು ಬಾಗಿಲಲ್ಲಿತ್ತು. ಅಕ್ಕ ಒಳಗೆ ಚಹಾ ಮಾಡುತ್ತಿದ್ದಳು. ಸ್ಕೂಟರಿನವಳು ಊರುಗೋಲು ಊರಿಕೊಂಡು ನನ್ನ ಹತ್ತಿರ ಬಂದಳು.

"ನಾ ಹೋಗಿ ನೋಡಿ ಬಂದ್ನಿರಿ. ಒಳಗ ಪಾವಟಿಗಿ ಇಲ್ಲ. ಹೊಸ್ತಿಲ ಒಂದ ಅದ, ಎರಡ ಬೆರಳ ಎತ್ತರ. ಹಲಗಿ ಇಟ್ರ ಆತು."

ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ.

"ನಡಿಯೋರು ಯಾವಾಗ್ಲೂ ಕಡಿಮಿ ಹೇಳ್ತಾರ್ರಿ," ಅಂದಳು. "ಹೆಚ್ಚ ಹೇಳಿದವರು ನೀವ ಮೊದಲ."

"ಬ್ಯಾರೆ ಗುಡಿ ನೆನಪಾಗಿರಬೇಕವ್ವ."

"ಇರಬೇಕ್ರಿ." ಒಳಗಿನ ಕಡೆ ಒಮ್ಮೆ ನೋಡಿ, "ಅಕ್ಕಾರಿಗೆ ನಾ ಏನೂ ಹೇಳಿಲ್ಲ," ಅಂದಳು.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಕ್ಕ ಅವಳ ಕಡೆ ಯಾಕೆ ವಾಲಿದಳೆಂದು ಆ ಒಂದು ಮಾತಿನಲ್ಲಿ ತಿಳಿಯಿತು. ತಿಳಿದು ಇನ್ನಷ್ಟು ಉರಿಯಿತು.

ಅಕ್ಕ ಕುರ್ಚಿ ಉರುಳಿಸಿಕೊಂಡು ಬಂದಳು, ತೊಡೆಯ ಮೇಲೆ ಚಹಾದ ತಾಟು. "ಏನ್ ಗುಸುಗುಸು ನಡಸೀರಿ ಇಬ್ಬರೂ?"

"ದಾರಿ ಸರಳ ಅದ ಅಂತ ಹೇಳಾಕತ್ತಿದ್ನಿ ಅಕ್ಕಾರ. ಗುಡಿ ಒಳಗ ಹೋಗೂದು ಇವತ್ತು."

ಅಕ್ಕ ತಾಟನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಹೊರಗೆ ಬರುವಾಗ, ಮುಡಿಯಲೆಂದು ಮುಂಜಾನೆ ಮಗ್ಗಲು ಮನೆಯವರ ಬಳ್ಳಿಯಿಂದ ಬಿಡಿಸಿ ಕಟ್ಟಿದ ಮಲ್ಲಿಗೆ ದಂಡೆ ಕೈಯಲ್ಲಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು. ದೇವರಿಗೇನು ಎಂದು ನಮ್ಮನೆಯವರು ಕೇಳಿದರು.

"ದೇವರಿಗೆ ಮಂದಿ ಭಾಳ ಅದಾರ. ಇದು ಕುಂತಾಕಿಗೆ."

ಕಾರಿನಲ್ಲಿ ದಾರಿಯುದ್ದಕ್ಕೂ ನೆಪ ಹುಡುಕಿದೆ. ಕಳುವಾಗಿದೆ ಅನ್ನಲೇ? ಹುಬ್ಬೇರಿಸಿ, ಅಯ್ಯಯ್ಯ, ಹೋದ ಸಲ ಇಲ್ಲೇ ಇದ್ದಳಲ್ಲ ಅನ್ನಲೇ? ಸುಳ್ಳು ಪೂರ್ತಿ ತಯಾರಾಗಿ ನಾಲಗೆಯ ತುದಿಗೆ ಬಂದು ನಿಂತಿತ್ತು.

ಗುಡಿಯ ಹಿಂದೆ ಸಿಮೆಂಟಿನ ಇಳಿಜಾರು ಇನ್ನೂ ಹೊಸದು, ಒಂದು ನಾಯಿಯ ಹೆಜ್ಜೆಗುರುತು ಹಸಿಯಲ್ಲಿ ಬಿದ್ದು ಹಾಗೇ ಗಟ್ಟಿಯಾಗಿತ್ತು. ನಾನು ಕುರ್ಚಿ ನೂಕಲು ಕೈ ಚಾಚಿದೆ. "ಬಿಡು," ಅಂದಳು ಅಕ್ಕ. ಎರಡೂ ಗಾಲಿ ಹಿಡಿದು ತಾನೇ ಏರಿದಳು, ಒಂದೊಂದು ಗೇಣು. ಕುತ್ತಿಗೆಯ ನರ ಎದ್ದು ಕಂಡವು. ಹೊಸ್ತಿಲ ಹಲಗೆ ದಾಟಿದಾಗ ಕುರ್ಚಿ ಗಡಕ್ ಅಂದಿತು. ಒಳಗಿನ ತಂಪು ಮುಖಕ್ಕೆ ಬಡಿಯಿತು. ಬಾವಲಿಯ ವಾಸನೆ, ಎಣ್ಣೆಯ ವಾಸನೆ. ಅಕ್ಕ ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡಳು. ಈ ವಾಸನೆಯನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಸ್ಕೂಟರಿನವಳು ಹೊರಗೇ ನಿಂತಳು, ಬಾಗಿಲಿನ ಅಗಲ ಬರೆದುಕೊಳ್ಳುವ ನೆಪದಲ್ಲಿ. ನಮ್ಮನೆಯವರು ಹೊಳೆಯ ಕಡೆ ಹೋದರು.

ಅಕ್ಕ ಮೊದಲ ಕಂಬದಿಂದ ಶುರು ಮಾಡಿದಳು. ಕುರ್ಚಿ ನಿಲ್ಲಿಸಿ, ಕತ್ತೆತ್ತಿ ನೋಡಿ, ಕೈಯಿಂದ ಮುಟ್ಟಿ, ಮುಂದಿನದಕ್ಕೆ. ಎಲ್ಲ ಹೆಂಗಸರೂ ನಿಂತಿದ್ದರು. ಒಬ್ಬಳು ಕುಣಿಯುತ್ತಿದ್ದಳು, ಒಬ್ಬಳು ಕನ್ನಡಿ ಹಿಡಿದಿದ್ದಳು, ಒಬ್ಬಳ ಮುಖ ಸವೆದು ನುಣ್ಣಗಾಗಿತ್ತು. ಹನ್ನೆರಡೂ ಮುಗಿದವು. ಅಕ್ಕ ಕುರ್ಚಿ ತಿರುಗಿಸಿದಳು.

"ಎಲ್ಲಿ ಅದಾಳ ಬೇ?"

ಕಳುವಾಗಿರಬೇಕು ಎಂದು ಬಾಯಿ ತೆರೆದೆ. ಅವಳ ಕೈಯಲ್ಲಿ ಆ ಒದ್ದೆ ಬಟ್ಟೆ ಇತ್ತು.

"ಇಲ್ಲಕ್ಕಾ."

"ಇಲ್ಲ ಅಂದ್ರ?"

"ಇರಲೇ ಇಲ್ಲ. ನಾ ಮೊದಲ ಸಲ ಒಳಗ ಬಂದಿಲ್ಲ. ಬಿಸಲಿತ್ತು. ಅಲ್ಲಿ ಗ್ವಾಡಿ ಬಾಜೂಕ ಕುಂತಿದ್ನಿ."

"ಆಮ್ಯಾಲ? ಅಷ್ಟ್ ಸಲ ಬಂದಿ, ಗಿಳಿ ಮೂಗ ಮುಕ್ಕಾಗ್ಯಾದ ಅಂದಿ?"

ಮೇಲೆ ಪಾರಿವಾಳವೊಂದು ರೆಕ್ಕೆ ಬಡಿಯಿತು. ಅಕ್ಕ ಅಂದಳು:

"ಅಂದ್ರ ನೀ ನೆರಳಾಗ ಕುಂತಿದ್ದಿ. ನಾ ಬಿಸಲಾಗ, ಕಾರಿನಾಗ ಕುಂತಿದ್ನಿ. ನೀರಿಲ್ಲದ."

ಕುರ್ಚಿಯನ್ನು ನನ್ನ ಹತ್ತಿರ ಉರುಳಿಸಿಕೊಂಡು ಬಂದಳು.

"ಕಾನ್ವೆಂಟಿನ ಗಂಟಿ ಹಗ್ಗಕ್ಕ ಗಂಟ ಇತ್ತಂದಿ. ಅದಾದ್ರೂ ಇತ್ತೊ ಇಲ್ಲೊ?"

"ಇತ್ತಕ್ಕಾ. ದೇವರಾಣಿ ಇತ್ತು."

"ಸಿಸ್ಟರ್ ಬೂಟಿನ ಸಪ್ಪಳ?"

"ಇತ್ತು."

"ಹೆಂಗ ನಂಬಲಿ?" ಅವಳ ದನಿ ಅಲ್ಲಿ ಮೊದಲ ಸಲ ಒಡೆಯಿತು. "ನನ್ನ ಹಂತೇಕ ಇರೂದ ಅದು ಬೇ. ನೀ ಹೇಳ್ಕೋತ ಬಂದಿದ್ದಷ್ಟ ನಂದು. ಅದರಾಗ ಯಾವುದು ಕಾಳು, ಯಾವುದು ಹೊಟ್ಟು ಅಂತ ಈಗ ಎಲ್ಲಿ ಕೂತು ಕೇರ್ಲಿ?"

ಉಳಿದದ್ದನ್ನೂ ಹೇಳಿಬಿಡಬೇಕು ಅನ್ನಿಸಿತು. ಫೋನಿನಲ್ಲಿ ಮೂರು ಮೆಟ್ಟಿಲು ಕಟ್ಟಿದ್ದನ್ನೂ ಹೇಳಿದೆ. ಅಕ್ಕ ನನ್ನನ್ನು ದಿಟ್ಟಿಸಿದಳು.

"ನಾ ಒಳಗ ಬರಬಾರದು ಅಂತೇನು?"

"ಹೌದು."

"ಸುಳ್ಳ ಹೊರಗ ಬೀಳ್ತದ ಅಂತ?"

"ಅದಷ್ಟ ಅಲ್ಲ. ಆಕಿ ನಿನ್ನ ಒಳಗ ಕರಕೊಂಡ ಬರ್ತಾಳಲ್ಲ, ಅದಕ್ಕ. ಹೊಟ್ಟಿಕಿಚ್ಚು."

ಅಕ್ಕನ ಹುಬ್ಬು ಮೇಲೇರಿತು. "ಹೊಟ್ಟಿಕಿಚ್ಚು ನನಗ ಕಲಸಬ್ಯಾಡ ನೀ. ಹಳದಿ ಫ್ರಾಕ್ ಹಾಕ್ಕೊಂಡು ನೀ ಆ ಕಿಡಕ್ಯಾಗ ನಿಂತಿದ್ದಿಯಲ್ಲ, ಅವತ್ತಿಂದ ನಾ ಅದರಾಗ ಮಾಸ್ತರಕಿ ಮಾಡೇನಿ. ಖರೆ ಒಂದ ಪಾವಟಿಗಿ ಕಟ್ಟಿಲ್ಲ ನಿನಗ. ಹೋಗು, ನೋಡು, ಬಂದು ಹೇಳು ಅಂದೇನಿ."

ಒದ್ದೆ ಬಟ್ಟೆ ಬಿಚ್ಚಿ ಮಲ್ಲಿಗೆ ದಂಡೆಯನ್ನು ನನ್ನ ಕಡೆ ಎಸೆದಳು. ಅದು ಭುಜಕ್ಕೆ ತಾಗಿ ಕೆಳಗೆ ಬಿತ್ತು. "ಮುಡ್ಕೊ. ಕುಂತಾಕಿ ನೀನ ಅಲ್ಲೇನು."

ಆಮೇಲೆ ಬಾಗಿಲಿನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು: "ಬಾ ಬೇ ಒಳಗ! ಎಷ್ಟೊತ್ತ ಒಂದ ಬಾಗಲಾ ಅಳೀತಿ? ಕನ್ನಡಿ ಹಿಡದಾಕಿ ಭಾರೀ ಅದಾಳ, ನೋಡ ಬಾ."

ಅವರಿಬ್ಬರೂ ಕನ್ನಡಿ ಹಿಡಿದವಳ ಮುಂದೆ ಬಹಳ ಹೊತ್ತು ಇದ್ದರು. ನಾನು ಹೂ ಎತ್ತಿಕೊಂಡು ಹೊರಗೆ ಬಂದೆ. ಮುಡಿಯಲಿಲ್ಲ, ಬಿಸಾಡಲೂ ಮನಸ್ಸಾಗಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಅಂಗೈಯೆಲ್ಲ ಕಂದು ಕಲೆ.

ಒಂದು ತಿಂಗಳು ಅಕ್ಕ ಫೋನು ಮಾಡಲಿಲ್ಲ. ನಾನು ಮಾಡಿದರೆ, "ಕೆಲಸ ಅದ," ಎಂದು ಇಡುತ್ತಿದ್ದಳು. ನಮ್ಮನೆಯವರು ಸವತಿಯ ಮಾತು ಬಿಟ್ಟುಬಿಟ್ಟರು, ಅಷ್ಟು ಸೋತು ಹೋಗಿದ್ದೆ. ಮತ್ತೆ ಒಂದು ದಿನ ತಾನಾಗಿಯೇ ಹಚ್ಚಿದಳು.

"ರವಿವಾರ ಜೇವರ್ಗಿ ಕಡೆ ಹೋಗೂದದ. ಆಕಿ ಊರು ನೆಲೋಗಿ, ಶನಿವಾರನ ಹೋಗಿರ್ತಾಳ. ಅಲ್ಲಿಂದ ಒಳಗ ಒಂದು ಹಳೇ ಗುಡಿ ಅದ ಅಂತ. ಖುರ್ಚಿ ಹೊರಾಕ ಗಾಡಿ ಬೇಕು."

"ಬರ್ತೀವಕ್ಕಾ."

"ನೀ ಬಂದ್ರ ಬಾ. ಖರೆ ನಾ ಕೇಳೂತನ ಏನೂ ಹೇಳಬ್ಯಾಡ."

ಹೋದೆವು. ಅಫಜಲಪುರದಿಂದ ನೆಲೋಗಿಯವರೆಗೆ ಅಕ್ಕ ಮುಂದಿನ ಸೀಟಿನಲ್ಲಿ ಕೂತು ನಮ್ಮನೆಯವರ ಜೊತೆ ತೊಗರಿಯ ಮಾತಾಡಿದಳು. ಎರಡು ಸಲ ನೀರು ಕುಡಿದಳು. ನಾನು ಹಿಂದೆ, ಮಡಚಿದ ಕುರ್ಚಿಯ ಪಕ್ಕದಲ್ಲಿ. ನೆಲೋಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಕೆಂಪು ಸ್ಕೂಟರು ಕಾದಿತ್ತು. ಇಲ್ಲಿಂದ ಮುಂದೆ ಹೊಲದ ನಡುವಿನ ಕಚ್ಚಾ ದಾರಿ, ಗಾಡಿ ಹಿಂದೆ ಹಿಂದೆ ಬರಲಿ ಅಂದಳು ಆಕೆ. ಅಕ್ಕ ಬಾಗಿಲು ತೆರೆದಳು.

"ತಡಿ, ನಾ ನಿನ್ನ ಹಿಂದ ಕೂಡ್ತೇನಿ."

"ಅಕ್ಕಾರ, ದಾರಿ ಖರಾಬ ಅದರಿ. ಕಾರಿನಾಗ ಆರಾಮ—"

"ಆರಾಮ ಕುಂತದ್ದು ಸಾಕಾಗ್ಯಾದ."

ನಾನು ಇಳಿದು ಅಕ್ಕನ ಬಗಲಲ್ಲಿ ಕೈ ಹಾಕಿದೆ. ಬೇಡ ಅನ್ನಲಿಲ್ಲ. ಮೊದಲು ಎಡ ಮೊಣಕೈ ಊರಿದಳು, ಆಮೇಲೆ ನನ್ನ ಹೆಗಲು ಹಿಡಿದು ತೂಕ ಬಿಟ್ಟಳು. ಸ್ಕೂಟರಿನ ಸೀಟಿಗೆ ಸರಿಸಿ ಕೂಡಿಸಿ, ಸೀರೆಯ ಅಂಚು ಗಾಲಿಗೆ ಸಿಗದಂತೆ ತೊಡೆಯ ಕೆಳಗೆ ಸಿಕ್ಕಿಸಿದೆ. ಅವಳು ನನ್ನ ಹೆಗಲು ಬಿಟ್ಟು ಮುಂದಿನವಳ ಹೆಗಲು ಹಿಡಿದಳು.

ಅವರು ಹೊರಟರು. ನಾವು ಹಿಂದೆ. ದಾರಿಯ ಎರಡೂ ಕಡೆ ಜೋಳ ಎದೆ ಮಟ್ಟ ಬೆಳೆದಿತ್ತು. ಅಕ್ಕ ಒಂದು ಕೈಯಲ್ಲಿ ಹೆಗಲು ಹಿಡಿದು ಇನ್ನೊಂದನ್ನು ಹೊರಗೆ ಚಾಚಿ ಏನೋ ತೋರಿಸುತ್ತಿದ್ದಳು. ಆ ಕಡೆ, ಮತ್ತೆ ಈ ಕಡೆ. ಬಾಗಿ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ನಿಲ್ಲಿಸದೆ ಹೇಳುತ್ತಿದ್ದಳು. ಮುಂದಿನವಳು ದಾರಿ ನೋಡುತ್ತ ತಲೆ ಆಡಿಸುತ್ತಿದ್ದಳು, ನಡುನಡುವೆ ಇಬ್ಬರ ಬೆನ್ನೂ ನಗುವಿಗೆ ಅಲುಗುತ್ತಿತ್ತು.

"ಕಿಡಕಿ ಏರಸು, ಧೂಳ ಬರಾಕತ್ತದ," ಅಂದರು ನಮ್ಮನೆಯವರು.

"ಬ್ಯಾಡ, ಇರ್ಲಿ," ಅಂದೆ. ಕುತ್ತಿಗೆ ಹೊರಗೆ ಹಾಕಿ ಕೇಳಿದೆ. ಗಾಳಿಯೂ ಸ್ಕೂಟರಿನ ಸದ್ದೂ ಬಿಟ್ಟರೆ ಏನೂ ಕೇಳಿಸಲಿಲ್ಲ.

"ಹಾರ್ನ್ ಹೊಡೀಲೇನು? ಬಾಜೂಕ ಹೋಗಬಹುದು."

ಹೊಡೆಯಿರಿ ಎಂದು ನಾಲಗೆಯ ತುದಿಗೆ ಬಂದಿತ್ತು.

"ಹೊಡೀಬ್ಯಾಡ್ರಿ," ಅಂದೆ. "ಜರಾ ಹಿಂದನ ಇರ್ರಿ."